ಕದಲದ ಮನೆಗೆ ಚಾಸಿ ಯಾಕೆ?

ಮೊದಲ ಸಲ ಹೈವೇ 99ರ ಬಸ್ಸಲ್ಲಿ ಹೋಗುವಾಗ "ಮೊಬೈಲ್ ಹೋಮ್ ಪಾರ್ಕ್" ಅನ್ನೋ ಬೋರ್ಡ್ ನೋಡಿ, ಇಲ್ಲಿನ ಜನ ಮನೆ ಎಳ್ಕೊಂಡು ಊರೂರು ತಿರುಗ್ತಾರೇನೋ ಅಂದ್ಕೊಂಡಿದ್ದೆ. ಆಮೇಲೆ ಹತ್ತಿರದಿಂದ ನೋಡಿದ್ರೆ ಮೆಟ್ಟಿಲ ಪಕ್ಕ ಗುಲಾಬಿ ಗಿಡ, ಮಾಡಿನ ಮೇಲೆ ಪಾಚಿ. ಎಷ್ಟೋ ವರ್ಷದಿಂದ ಕದಲಿಲ್ಲ ಅಂತ ನೋಡಿದ್ರೇ ಗೊತ್ತಾಗುತ್ತೆ.

ಕಾನೂನಿಗೆ ಮಾತ್ರ ಇವು ಇನ್ನೂ ಗಾಡಿಯ ಸಂಬಂಧಿಕರೇ. 1974ರ ಫೆಡರಲ್ ಕಾಯ್ದೆಯ ವ್ಯಾಖ್ಯೆಯಂತೆ ಇಂಥ ಮನೆ ಶಾಶ್ವತ ಚಾಸಿಯ ಮೇಲೆ ಇರಬೇಕು. ಕೇಂದ್ರ ವಸತಿ ಇಲಾಖೆ ಹಡ್‌ನ ನಿಯಮಗಳು 1976ರ ಜೂನ್ 15ರಿಂದ ಜಾರಿಗೆ ಬಂದವು. 1980ರಲ್ಲಿ "ಮೊಬೈಲ್ ಹೋಮ್" ಹೋಗಿ "ಮ್ಯಾನುಫ್ಯಾಕ್ಚರ್ಡ್ ಹೋಮ್" ಆಯ್ತು, ಚಾಸಿ ಹಾಗೇ ಉಳೀತು. ಸೈಟಿಗೆ ಬಂದ ಮೇಲೆ ಚಕ್ರ, ಆಕ್ಸಲ್ ಬಿಚ್ಚಬಹುದು, ಉಕ್ಕಿನ ತೊಲೆ ತೆಗೆಯುವಂತಿಲ್ಲ. ಒಂದೇ ಪ್ರಯಾಣಕ್ಕೆ ಬೇಕಾದ ಉಕ್ಕು ಜೀವನಪೂರ್ತಿ ನೆಲದಡಿ ಬಿದ್ದಿರಬೇಕು! ಬಿ.ಇ.ಯಲ್ಲಿ ಇಂಥ ಡಿಸೈನ್ ಕೊಟ್ಟಿದ್ರೆ ನಮ್ಮ ಮೇಷ್ಟ್ರು ಶೀಟ್ ವಾಪಸ್ ಎಸೀತಿದ್ರು. ದುಡ್ಡು ದಂಡ ಆಗೋದಷ್ಟೇ ಅಲ್ಲ, ಮನೆಯ ನೆಲ ಎತ್ತರವಾಗುತ್ತೆ, ಮೇಲೆ ಇನ್ನೊಂದು ಮಹಡಿ ಕೂರಿಸೋದು ಕಷ್ಟ. ಜಾಗಕ್ಕೆ ಚಿನ್ನದ ಬೆಲೆ ಇರುವ ಸಿಯಾಟಲ್ ಸುತ್ತ ಬೇಕಾಗಿರೋದೇ ಆ ಮಹಡಿ. ಕಾರ್ಖಾನೆಯಲ್ಲೇ ಚಾಸಿ ಇಲ್ಲದೆ ಮಾಡಿದ್ರೆ ಅದು "ಮಾಡ್ಯುಲರ್", ಹಡ್ ಬಿಟ್ಟು ರಾಜ್ಯದ ಕಟ್ಟಡ ನಿಯಮಕ್ಕೆ ಸೇರುತ್ತೆ.

ಚಾಸಿ ಕಡ್ಡಾಯ ಬೇಡ ಅನ್ನೋ ಅಂಶವಿದ್ದ ವಸತಿ ಮಸೂದೆಯನ್ನು 2025ರ ಜುಲೈನಲ್ಲಿ ಸೆನೆಟ್ಟಿನ ಬ್ಯಾಂಕಿಂಗ್ ಸಮಿತಿ 24–0 ಮತದಿಂದ ಒಪ್ಪಿತು. ಟಿಮ್ ಸ್ಕಾಟ್, ಎಲಿಜಬೆತ್ ವಾರನ್ ಇಬ್ಬರೂ ಒಂದೇ ಕಡೆ! ಚಾಸಿ ಹೋದ್ರೆ ಮನೆ ಭದ್ರ ಇರಲ್ಲ ಅನ್ನೋ ವಾದ ನಾನು ಒಪ್ಪಲ್ಲ. 1992ರ ಆಂಡ್ರೂ ಚಂಡಮಾರುತದಲ್ಲಿ ಇಂಥ ಮನೆಗಳು ಚೂರುಚೂರಾದಾಗ ಚಾಸಿ ಇತ್ತಲ್ಲ? ಹಡ್ 1994ರಲ್ಲಿ ಬಿಗಿ ಮಾಡಿದ್ದು ಗಾಳಿ ತಡೆಯುವ ನಿಯಮಗಳನ್ನು.

ನನಗೆ ಚಿಂತೆ ಇರೋದು ಅಡಿಯ ಜಾಗದ್ದು. ಪಾರ್ಕಿನಲ್ಲಿ ಮನೆ ನಿಮ್ಮದು, ನೆಲ ಇನ್ನೊಬ್ಬರದು. ಬಾಡಿಗೆ ಏರಿದ್ರೆ ಹಳೇ ಮನೆ ಎತ್ಕೊಂಡು ಹೋಗೋದೆಲ್ಲಿಗೆ? 2025ರ ಮೇನಲ್ಲಿ ವಾಷಿಂಗ್ಟನ್ ರಾಜ್ಯ ಈ ಬಾಡಿಗೆಯ ಏರಿಕೆಗೆ ವರ್ಷಕ್ಕೆ 5% ಮಿತಿ ಹಾಕಿದ್ದು ಒಳ್ಳೇದಾಯ್ತು. ಪಾರ್ಕ್ ಮಾರಾಟಕ್ಕೆ ಬಂದ್ರೆ ನಿವಾಸಿಗಳಿಗೆ ತಿಳಿಸಿ, ಕೊಳ್ಳಲು ಸ್ಪರ್ಧಿಸುವ ಅವಕಾಶ ಕೊಡಬೇಕು ಅಂತ 2023ರಲ್ಲೇ ಕಾನೂನಾಗಿದೆ. ಆದ್ರೆ ರಿಟೈರ್ ಆದ ಅಜ್ಜ-ಅಜ್ಜಿಯರು ದೊಡ್ಡ ಕಂಪನಿಗಳ ಎದುರು ಅಷ್ಟು ದುಡ್ಡು ಎಲ್ಲಿಂದ ತರ್ತಾರೆ? ಚಾಸಿ ಇಲ್ಲದ ಹೊಸ ಮನೆಯನ್ನಂತೂ ಎಳೆದೊಯ್ಯೋದು ಇನ್ನೂ ಕಷ್ಟ. ಹಾಗಾಗಿ ವ್ಯಾಖ್ಯೆ ಬದಲಿಸೋ ಕೈಯಲ್ಲೇ, ನೆಲ ಕೊಳ್ಳೋಕೆ ನಿವಾಸಿಗಳಿಗೆ ಕಡಿಮೆ ಬಡ್ಡಿ ಸಾಲದ ವ್ಯವಸ್ಥೆನೂ ಸರ್ಕಾರ ಮಾಡಲಿ.