ವಕೀಲ ಪಕ್ಕದಲ್ಲಿದ್ದಾನೆ, ಮಾತಾಡುವಂತಿಲ್ಲ

ಯೋಧರ ಮನೆಯವರಲ್ಲಿ, ಮಾಜಿ ಸೈನಿಕರಲ್ಲಿ, ವಕೀಲರಲ್ಲಿ ಮತ್ತು ನಮ್ಮ ಸಂಸದರಲ್ಲಿ ಒಂದು ಮನವಿ



ಒಂದು ಕಂಟೋನ್ಮೆಂಟಿನಲ್ಲಿ ರಾತ್ರಿ ಜಗಳವಾಯಿತು ಎಂದುಕೊಳ್ಳಿ. ಸಿಪಾಯಿಯೊಬ್ಬ ಹವಾಲ್ದಾರರ ಮೇಲೆ ಕೈಮಾಡಿದ ಎಂದು ಆರೋಪ. ಯಾರು ಮೊದಲು ಹೊಡೆದರು, ಯಾರು ಬಿಡಿಸಲು ಹೋಗಿ ಸಿಕ್ಕಿಬಿದ್ದರು ಎಂಬುದು ಇನ್ನೂ ಗೊತ್ತಾಗಬೇಕು. ಹುಡುಗನಂತೂ ಆಗಲೇ ಕ್ವಾರ್ಟರ್ ಗಾರ್ಡಿನ ಕಾವಲಿನಲ್ಲಿ. 1950ರ ಸೇನಾ ಕಾಯ್ದೆಯ 40ನೇ ಕಲಮಿನಂತೆ ಮೇಲಿನವರ ಮೇಲೆ ಕೈಮಾಡಿದ್ದಕ್ಕೆ 10 ವರ್ಷದವರೆಗೆ ಸೆರೆ. ಮೇಲಿನವರು ಕರ್ತವ್ಯದಲ್ಲಿದ್ದರೆ, ಇಲ್ಲವೇ ಸಕ್ರಿಯ ಸೇವೆಯಲ್ಲಿ ಹಾಗೆ ನಡೆದಿದ್ದರೆ, 14 ವರ್ಷ.

ಇಂಥ ಆರೋಪವನ್ನು ಸಮರಿ ಕೋರ್ಟ್ ಮಾರ್ಷಲ್ ವಿಚಾರಣೆ ಮಾಡಬಹುದು. ಅಲ್ಲಿ ಕೋರ್ಟ್ ಎಂದರೆ ಒಬ್ಬರೇ, ಯೂನಿಟ್ಟಿನ ಕಮಾಂಡಿಂಗ್ ಆಫೀಸರ್. ಇನ್ನಿಬ್ಬರು ಕುಳಿತಿರುತ್ತಾರೆ, ಆದರೆ ತೀರ್ಪಿನಲ್ಲಿ ಅವರಿಗೆ ಪಾಲಿಲ್ಲ. ಆರೋಪವನ್ನು ಮೊದಲು ಕೇಳಿದವರು ಈ ಸಿ.ಓ. ಸಾಹೇಬರೇ. ಸಾಕ್ಷ್ಯ ಬರೆಸಲು ಹೇಳಿದವರೂ ಅವರೇ. ಕೊನೆಗೆ ನ್ಯಾಯಾಧೀಶರೂ ಅವರೇ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಸೆರೆ ವಿಧಿಸಬಹುದು, ಸೇವೆಯಿಂದ ವಜಾ ಮಾಡಬಹುದು. ವಜಾ ಆದವನಿಗೆ ಸಾಮಾನ್ಯವಾಗಿ ಪಿಂಚಣಿ ಇಲ್ಲ. ಎಷ್ಟು ವರ್ಷ ದುಡಿದವನಾದರೂ ಬರಿಗೈಯಲ್ಲಿ ಊರಿಗೆ ಬರಬೇಕು.

ಈಗ ಮುಖ್ಯ ಮಾತಿಗೆ ಬರುತ್ತೇವೆ. 1954ರ ಸೇನಾ ನಿಯಮಗಳ 129ನೇ ನಿಯಮ ಸಮರಿ ಕೋರ್ಟಿನಲ್ಲಿ ಆರೋಪಿಗೆ ಒಬ್ಬ ಸಹಾಯಕನನ್ನು ಕೊಡುತ್ತದೆ. ಆತ ವಕೀಲನೇ ಆಗಿರಬಹುದು. ಕಿವಿಯಲ್ಲಿ ಸಲಹೆ ಹೇಳಬಹುದು, ಯಾವ ಪ್ರಶ್ನೆ ಕೇಳಬೇಕೆಂದು ಸೂಚಿಸಬಹುದು. ಸಾಕ್ಷಿಯನ್ನು ತಾನೇ ಪ್ರಶ್ನಿಸುವಂತಿಲ್ಲ, ಕೋರ್ಟನ್ನು ಉದ್ದೇಶಿಸಿ ಒಂದು ಮಾತೂ ಆಡುವಂತಿಲ್ಲ. ಪಿಯುಸಿ ಮುಗಿಸಿ ಭರ್ತಿಯಾದ ಹುಡುಗ ತನ್ನ ಸಿ.ಓ. ಎದುರು ಸಾವಧಾನ್ ನಿಂತು, ತನ್ನ ಸುಬೇದಾರರನ್ನು ತಾನೇ ಪಾಟೀಸವಾಲು ಮಾಡಬೇಕು. ಪಲ್ಟನ್ನಿನಲ್ಲಿ ಒಂದು ದಿನ ಕಳೆದವರಿಗೂ ಗೊತ್ತು, ಅದು ಆಗುವ ಮಾತಲ್ಲ.

ಇದೇ ಏಟು ಅಧಿಕಾರಿಯೊಬ್ಬರ ಕೈಯಿಂದ ಬಿದ್ದಿದ್ದರೆ? ಅವರನ್ನು ಸಮರಿ ಕೋರ್ಟಿಗೆ ಒಯ್ಯಲು ಕಾನೂನೇ ಬಿಡುವುದಿಲ್ಲ. ಜನರಲ್ ಕೋರ್ಟ್ ಮಾರ್ಷಲ್ ಆದರೆ ಅಲ್ಲಿ ಅವರ ಪರ ವಕೀಲರು ಎದ್ದು ನಿಂತು ವಾದಿಸುತ್ತಾರೆ. ಒಂದೇ ಸೇನೆ, ಒಂದೇ ತಪ್ಪು, ಎರಡು ಬಗೆಯ ನ್ಯಾಯ. ಇದನ್ನು ನಾವು ಒಪ್ಪುವುದಿಲ್ಲ.

ತನ್ನ ಮೇಲೆಯೇ ನಡೆದ ಅಪರಾಧವನ್ನು ಸಿ.ಓ. ಸಾಮಾನ್ಯವಾಗಿ ಮೇಲಿನವರನ್ನು ಕೇಳದೆ ವಿಚಾರಿಸಬಾರದು ಎಂದು ಸೇನಾ ಕಾಯ್ದೆಯ 120ನೇ ಕಲಂ ಹೇಳುತ್ತದೆ. ಪಕ್ಷಪಾತದ ಭಯ ಕಾನೂನಿಗೂ ಇದೆ ಎಂದಾಯಿತು. ಆದರೆ ಏಟು ತಿಂದವರು ಸಿ.ಓ. ದಿನವೂ ನೆಚ್ಚಿಕೊಂಡಿರುವ ಸುಬೇದಾರ್ ಮೇಜರ್ ಆಗಿದ್ದರೆ ಈ ತಡೆ ಇಲ್ಲ.

ರಂಜಿತ್ ಠಾಕೂರ್ ಪ್ರಕರಣ ನೆನಪಿಡಿ. ಆತ ಸಿಗ್ನಲ್‌ಮ್ಯಾನ್. ಅಧಿಕಾರಿ ತನ್ನನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ ಎಂದು ನೇರವಾಗಿ ಮೇಲಿನವರಿಗೆ ಬರೆದ; 28 ದಿನ ಕಠಿಣ ಸೆರೆ ಬಿತ್ತು. ಸೆರೆಯಲ್ಲಿದ್ದಾಗ ಊಟ ಮಾಡು ಎಂಬ ಆಜ್ಞೆ ಮೀರಿದನೆಂದು ಸಮರಿ ಕೋರ್ಟ್ ಮಾರ್ಷಲ್ ನಡೆಯಿತು. ಯಾರ ವಿರುದ್ಧ ದೂರಿದ್ದನೋ ಅದೇ ಅಧಿಕಾರಿ ಅಲ್ಲಿ ಕುಳಿತಿದ್ದರು. ಒಂದು ವರ್ಷ ಸೆರೆ, ಸೇವೆಯಿಂದ ವಜಾ. 1987ರಲ್ಲಿ ಸುಪ್ರೀಂ ಕೋರ್ಟ್ ಪಕ್ಷಪಾತವನ್ನೂ ಶಿಕ್ಷೆಯ ಅತಿರೇಕವನ್ನೂ ಎತ್ತಿ ಹೇಳಿ ಎಲ್ಲವನ್ನೂ ರದ್ದುಮಾಡಿತು, ಆತನನ್ನು ಮರಳಿ ಸೇವೆಗೆ ಸೇರಿಸಲು ಹೇಳಿತು. ಊಟ ಬೇಡ ಎಂದವನು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ಶಿಸ್ತು ಕೆಡುತ್ತದೆ ಎನ್ನುವವರಿದ್ದಾರೆ. ಶಿಸ್ತಿಲ್ಲದ ಸೇನೆ ನಮಗೂ ಬೇಡ. ಮೇಲಿನವರನ್ನು ಹೊಡೆದದ್ದು ಸಾಬೀತಾದರೆ ಶಿಕ್ಷೆ ಆಗಲಿ. ಆದರೆ ಸೇನೆಯದೇ ಇನ್ನೊಂದು ಕೋರ್ಟಾದ ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ನಲ್ಲಿ ವಕೀಲರು ಇಂದಿಗೂ ಮಾತಾಡುತ್ತಾರೆ. ಅದರಿಂದ ಯಾವ ಪಲ್ಟನ್ನೂ ಒಡೆದಿಲ್ಲ. ಸಮರಿ ಕೋರ್ಟ್ ತುರ್ತಿಗೆ ಮಾತ್ರ, ಅದು ರೂಢಿಯಾಗಬಾರದು ಎಂದು ಸುಪ್ರೀಂ ಕೋರ್ಟೇ 2016ರಲ್ಲಿ ಹೇಳಿದೆ. ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರುವ ಶಾಂತಿ ಠಾಣ್ಯಕ್ಕೆ ಯಾವ ತುರ್ತು? ಇನ್ನೊಂದು ಮಾತು: ಕೈಕೆಳಗಿನವನನ್ನು ಹೊಡೆದ ಹವಾಲ್ದಾರನಿಗೂ 47ನೇ ಕಲಮಿನಲ್ಲಿ 7 ವರ್ಷದವರೆಗೆ ಸೆರೆಯಿದೆ. ಆತನೂ ಇದೇ ಸಮರಿ ಕೋರ್ಟಿನಲ್ಲಿ ಒಂಟಿಯಾಗಿ ನಿಲ್ಲಬೇಕಾದೀತು. ನಾವು ಕೇಳುತ್ತಿರುವುದು ಅವನಿಗೂ ಸೇರಿ.

129ನೇ ನಿಯಮ ತಿದ್ದಿ: ಸಹಾಯಕನಿಗೆ ಸಾಕ್ಷಿಯನ್ನು ಪ್ರಶ್ನಿಸುವ, ವಾದಿಸುವ ಹಕ್ಕು ಕೊಡಿ. ವಕೀಲರಿಗೆ ಹಣವಿಲ್ಲದ ಜವಾನನಿಗೆ ಅವನ ಪರ ವಾದಿಸಲು ಕಾನೂನು ಓದಿದವರನ್ನು ಸರ್ಕಾರವೇ ನೇಮಿಸಲಿ.

ಮನೆಯವರೇ, ಮಗನಿಗೆ ಇಷ್ಟು ತಿಳಿಸಿಡಿ. ಸಾಕ್ಷ್ಯ ಬರೆದುಕೊಳ್ಳುವಾಗ ಏನೂ ಹೇಳದೆ ಇರುವ ಹಕ್ಕು ಅವನಿಗಿದೆ. ತನ್ನ ವಿರುದ್ಧ ಹೇಳಿದವರನ್ನು ಪ್ರಶ್ನಿಸಬಹುದು, ತನ್ನ ಸಾಕ್ಷಿಗಳನ್ನು ಕರೆಸಬಹುದು. ವಿಚಾರಣೆಗೆ ಮುನ್ನ ಕನಿಷ್ಠ 96 ಗಂಟೆ ಸಿಗಬೇಕು. ಸಕ್ರಿಯ ಸೇವೆಯಲ್ಲಿ 24. ಬರೆದದ್ದು ಅರ್ಥವಾಗದಿದ್ದರೆ ಸಹಿ ಹಾಕದೆ ದುಭಾಷಿಯನ್ನು ಕೇಳಲಿ. "ತಪ್ಪೊಪ್ಪಿಕೋ, ಬೇಗ ಮುಗಿಯುತ್ತದೆ" ಎಂದು ಯಾರೇ ಹೇಳಲಿ, ವಕೀಲರನ್ನು ಕೇಳದೆ ಒಪ್ಪಿಕೊಳ್ಳಬಾರದು. ವಜಾ, ಅಥವಾ ಮೂರು ತಿಂಗಳು ಮೀರಿದ ಸೆರೆಯಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ.

ಸಂಸದರು ಮತ ಕೇಳಲು ಬಂದಾಗ 129ನೇ ನಿಯಮದ ಬಗ್ಗೆ ಕೇಳಿ. ಈ ಹಾಳೆಯನ್ನು ರಜೆ ಮುಗಿಸಿ ಹೊರಟ ಹುಡುಗನ ಟ್ರಂಕಿನಲ್ಲಿ ಇಟ್ಟು ಕಳಿಸಿ.