ಆಟದಲ್ಲಿ ಕಳೆದುಹೋದ ಕರುಣೆ

ವಿಡಿಯೋ ಆಟವೆಂದರೆ ಮಕ್ಕಳನ್ನು ಕೆಡಿಸುವ ಮಾಯೆ ಎಂದು ಹಿರಿಯರು ಹೇಳುತ್ತಾರೆ. ಅದೂ ಈ ಕಾಲದ ಒಂದು ವಿದ್ಯೆ ಎಂದು ನಮ್ಮ ಓರಗೆಯವರು ವಾದಿಸುತ್ತಾರೆ. ಇವೆರಡರಲ್ಲಿ ಯಾವುದು ಸರಿ? ಹತ್ತನೆಯ ತರಗತಿಯ ವಿದ್ಯಾರ್ಥಿನಿಯಾದ ನಾನು ಸ್ವತಃ ಆಡಿದ ಒಂದು ಆಟವನ್ನು ಮುಂದಿಟ್ಟುಕೊಂಡು, ನನಗೆ ತೋಚಿದ ನಾಲ್ಕು ಮಾತುಗಳನ್ನು ಓದುಗ ಮಿತ್ರರಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಕಳೆದ ವರ್ಷ ದುಬಾಯಿಯಿಂದ ಊರಿಗೆ ಬಂದ ಮಾವ ತಾವು ಆಡಿಬಿಟ್ಟ ಹಳೆಯ ಪ್ಲೇಸ್ಟೇಷನ್ 2 ಯಂತ್ರವನ್ನು ನಮಗೆ ಕೊಟ್ಟರು. ಅದರೊಡನೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಚಲನಚಿತ್ರಗಳನ್ನು ಆಧರಿಸಿದ ಎರಡು ಆಟಗಳ ತಟ್ಟೆಗಳೂ ಇದ್ದುವು. 'ದಿ ಟೂ ಟವರ್ಸ್' 2002ರದು, 'ದಿ ರಿಟರ್ನ್ ಆಫ್ ದಿ ಕಿಂಗ್' 2003ರದು. ಎರಡನ್ನೂ ಪ್ರಕಟಿಸಿದ್ದು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ. ಇವುಗಳ ಮೂಲ ಕಥೆ ಇಂಗ್ಲೆಂಡಿನ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್ ಬರೆದು, 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಕಾದಂಬರಿ. ಪೀಟರ್ ಜಾಕ್ಸನ್ ಅದನ್ನು ನ್ಯೂಜಿಲೆಂಡಿನಲ್ಲಿ ಮೂರು ಚಿತ್ರಗಳಾಗಿ ತೆಗೆದರು. 2003ರಲ್ಲಿ ಬಂದ ಮೂರನೆಯ ಚಿತ್ರಕ್ಕೆ 11 ಆಸ್ಕರ್ ಪ್ರಶಸ್ತಿಗಳು ಬಂದುವು.

ಮೊದಲು ಆಟದ ಗುಣವನ್ನೇ ಹೇಳುತ್ತೇನೆ. ಚಲನಚಿತ್ರದ ದೃಶ್ಯವೊಂದು ಪರದೆಯ ಮೇಲೆ ಓಡುತ್ತಿರುತ್ತದೆ. ನೋಡುನೋಡುತ್ತಿದ್ದಂತೆ ಅದೇ ದೃಶ್ಯ ಆಟವಾಗಿ ಬದಲಾಗುತ್ತದೆ. ಈವರೆಗೆ ನೋಡುತ್ತಿದ್ದ ನಾವೇ ಈಗ ಅರಗಾರ್ನ್! ಹೆಲ್ಮ್ಸ್ ಡೀಪ್ ಕೋಟೆಯ ಗೋಡೆಗೆ ಶತ್ರುಗಳು ಏಣಿ ಒರಗಿಸುತ್ತಾರೆ. ಅವನ್ನು ಒದ್ದು ಕೆಡವಬೇಕು, ಮೇಲೆ ಹತ್ತಿದವರನ್ನು ಕತ್ತಿಯಿಂದ ಎದುರಿಸಬೇಕು. ಎರಡನೆಯ ಆಟವನ್ನು ಇಬ್ಬರು ಜೊತೆಯಾಗಿ ಆಡಬಹುದು. ಐದನೆಯ ತರಗತಿಯ ನನ್ನ ತಮ್ಮನೂ ನಾನೂ ಎಷ್ಟೋ ಸಂಜೆ ಹಾಗೆ ಒಬ್ಬರ ಬೆನ್ನನ್ನು ಇನ್ನೊಬ್ಬರು ಕಾಯುತ್ತ ಆಡಿದ್ದೇವೆ. ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಪ್ರಯತ್ನಿಸುವ ಛಲವನ್ನು ಆಟ ಕಲಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ನಾವು ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು. ಆ ದಪ್ಪ ಇಂಗ್ಲಿಷ್ ಕಾದಂಬರಿ ನಮಗೆ ಕಬ್ಬಿಣದ ಕಡಲೆ. ಆಟದಲ್ಲಿ ಬರುವ ಮಾತುಗಳಲ್ಲಿ ತಮ್ಮನಿಗೆ ಅರ್ಥವಾದುದು ಬೆರಳೆಣಿಕೆಯಷ್ಟು. ಆದರೂ ಅವನು ಆಟವನ್ನು ಕೊನೆಯವರೆಗೆ ಮುಟ್ಟಿಸಿದ. ಪುಸ್ತಕ ತಲುಪಲಾರದ ಕಡೆಗೆ ಆಟ ತಲುಪಿತು. ಆದುದರಿಂದ ಅದನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಆದರೆ ತಲುಪಿದ್ದು ಏನು? ಪ್ರಶ್ನೆ ಇರುವುದು ಇಲ್ಲಿಯೇ.

ಕಥೆಯ ತಿರುಳು ಇಷ್ಟು. ಲೋಕವನ್ನೇ ಕೆಡಿಸಬಲ್ಲ ಒಂದು ಉಂಗುರ. ಅದನ್ನು ಬೆಂಕಿಯ ಬೆಟ್ಟದಲ್ಲಿ ಹಾಕಿ ನಾಶಮಾಡಲು ಫ್ರೋಡೊ ಎಂಬ ಪುಟ್ಟ ಮನುಷ್ಯ ಹೊರಡುತ್ತಾನೆ. ಹಿಂದೊಮ್ಮೆ ಆ ಉಂಗುರವನ್ನು ಇಟ್ಟುಕೊಂಡು ಹಾಳಾದ ಗೊಲ್ಲಮ್ ಎಂಬ ದೀನ ಜೀವಿ ಅವನ ಬೆನ್ನು ಹತ್ತುತ್ತದೆ. ಅದನ್ನು ಕೊಲ್ಲುವ ಅವಕಾಶ ಮೊದಲು ಬಿಲ್ಬೊಗೆ, ಬಳಿಕ ಫ್ರೋಡೊಗೆ, ಕಟ್ಟಕಡೆಗೆ ಬೆಟ್ಟದ ಇಳಿಜಾರಿನಲ್ಲಿ ಸ್ಯಾಮ್‌ಗೆ ಸಿಗುತ್ತದೆ. ಮೂವರೂ ಕನಿಕರಪಟ್ಟು ಬಿಟ್ಟುಬಿಡುತ್ತಾರೆ. ಬೆಂಕಿಯ ಅಂಚಿನಲ್ಲಿ ನಿಂತ ಫ್ರೋಡೊನ ಮನಸ್ಸೇ ಸೋಲುತ್ತದೆ. ಉಂಗುರ ತನ್ನದೆಂದು ಅವನು ತೊಟ್ಟುಕೊಳ್ಳುತ್ತಾನೆ. ಆಗ ಗೊಲ್ಲಮ್ ಅವನ ಬೆರಳನ್ನೇ ಕಚ್ಚಿ ಉಂಗುರವನ್ನು ಕಿತ್ತುಕೊಂಡು, ಕುಣಿಯುತ್ತ ಕಾಲು ತಪ್ಪಿ ಬೆಂಕಿಗೆ ಬೀಳುತ್ತದೆ. ವೀರನ ಬಲ ಕೈಕೊಟ್ಟಾಗ ಹಿಂದೆ ತೋರಿದ ಕರುಣೆ ಲೋಕವನ್ನು ಕಾಯಿತು. ಇದು ಕಾದಂಬರಿಯ ಮರ್ಮ.

ಚಲನಚಿತ್ರ ಇದನ್ನು ಕೊಂಚ ಬದಲಿಸಿತು. ಅಲ್ಲಿ ಫ್ರೋಡೊ ಮತ್ತೆ ಎದ್ದು ಗೊಲ್ಲಮ್‌ನೊಡನೆ ಸೆಣಸುತ್ತಾನೆ. ಆ ಜಗ್ಗಾಟದಲ್ಲಿ ಇಬ್ಬರೂ ಅಂಚಿನಾಚೆ ಜಾರುತ್ತಾರೆ. ಆಟವಂತೂ ಇನ್ನೂ ಮುಂದೆ ಹೋಯಿತು. ಅದರ ಕೊನೆಯ ಘಟ್ಟದಲ್ಲಿ ನಾವು ಫ್ರೋಡೊ ಆಗಿ ಗೊಲ್ಲಮ್‌ನನ್ನು ಹೊಡೆದು ಹೊಡೆದು ಬೆಂಕಿಗೆ ಕೆಡವಬೇಕು. ಕೆಡವದೆ ಆಟ ಮುಗಿಯುವುದಿಲ್ಲ!

ಹೀಗೇಕಾಯಿತು? ಆಟ ಮಾಡಿದವರು ದುಷ್ಟರೆಂದು ನಾನು ಹೇಳುವುದಿಲ್ಲ. ನಮ್ಮ ಕೈಯಲ್ಲಿರುವ ಸಲಕರಣೆಯಲ್ಲಿ ಹೊಡೆಯಲು ಗುಂಡಿಗಳಿವೆ, ತಡೆಯಲು ಒಂದು ಗುಂಡಿ ಇದೆ, ಕ್ಷಮಿಸಲು ಗುಂಡಿಯಿಲ್ಲ. ಎಷ್ಟು ಚಾಕಚಕ್ಯತೆಯಿಂದ ಕೊಂದರೆ ಅಷ್ಟು ಅಂಕ, ಆ ಅಂಕಗಳಿಂದ ಹೊಸ ಹೊಸ ಪಟ್ಟುಗಳು. ಇಂಥ ಲೆಕ್ಕದಲ್ಲಿ ಕರುಣೆಗೆ ಅಂಕ ಕೊಡುವುದು ಹೇಗೆ? ಅದರ ಮೇಲೆ ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಆಟವೂ ಅಂಗಡಿಗೆ ಬರಬೇಕೆಂಬ ಅವಸರ ಬೇರೆ. 1982ರಲ್ಲಿ 'ಇ.ಟಿ.' ಚಿತ್ರದ ಆಟವನ್ನು ಅಟಾರಿ ಸಂಸ್ಥೆಗಾಗಿ ಒಬ್ಬರೇ ಸುಮಾರು ಐದು ವಾರಗಳಲ್ಲಿ ಮಾಡಿ ಮುಗಿಸಬೇಕಾಯಿತು. ಮಾರಾಟವಾಗದೆ ಉಳಿದ ಪ್ರತಿಗಳನ್ನು ಮರುವರ್ಷ ನ್ಯೂ ಮೆಕ್ಸಿಕೊದಲ್ಲಿ ನೆಲದಲ್ಲಿ ಹೂಳಿದರು. 2014ರಲ್ಲಿ ಅಗೆದಾಗ ಅವು ಸಿಕ್ಕವು. ಅದಕ್ಕೆ ಹೋಲಿಸಿದರೆ ನಾವು ಆಡಿದವು ಎಷ್ಟೋ ಮುತುವರ್ಜಿಯಿಂದ ಮಾಡಿದ ಆಟಗಳು. ಹಾಗಿದ್ದೂ ಕಥೆಯ ಮರ್ಮ ಕೈತಪ್ಪಿತು.

ಒಂದು ಸಂಜೆ ನಮ್ಮಾಟವನ್ನು ನೋಡುತ್ತ ಕುಳಿತಿದ್ದ ಅಜ್ಜ, "ಆ ರಕ್ಕಸರಿಗೆ ಮಾತೇ ಇಲ್ಲವೋ?" ಎಂದು ಕೇಳಿದರು. ನಾವು ನಕ್ಕೆವು. ಅಜ್ಜ ತಾಳಮದ್ದಳೆಯ ಹುಚ್ಚಿನವರು. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಅದೇನೂ ಹೊಸದಲ್ಲ. ಆದರೆ ರಾತ್ರಿ ಮಲಗಿದಾಗ ಆ ಮಾತು ನನ್ನನ್ನು ಕಾಡಿತು. 'ವಾಲಿವಧೆ'ಯಲ್ಲಿ ಬಾಣ ತಾಗಿದೊಡನೆ ಪ್ರಸಂಗ ಮುಗಿಯುವುದಿಲ್ಲ. ಬಿದ್ದ ವಾಲಿ ರಾಮನನ್ನೇ ಪ್ರಶ್ನಿಸುತ್ತಾನೆ. ಅರ್ಥಧಾರಿ ಸಮರ್ಥನಾದರೆ ಗೆದ್ದ ರಾಮನೂ ಉತ್ತರಕ್ಕಾಗಿ ತಡಕಾಡಬೇಕಾಗುತ್ತದೆ. ಅಲ್ಲಿಯೂ ಒಂದು ಹಳೆಯ ಕಥೆ ಹೊಸ ರೂಪಕ್ಕೆ ಬಂದಿದೆ. ಆದರೆ ಬಿದ್ದವನಿಗೂ ಮಾತು ಸಿಕ್ಕಿದೆ. ಆದುದರಿಂದ ರೂಪ ಬದಲಾದುದು ತಪ್ಪಲ್ಲ. ಬದಲಾಗುವಾಗ ಯಾವುದನ್ನು ಉಳಿಸಿಕೊಂಡೆವು ಎಂಬುದೇ ಮುಖ್ಯ.

ಇದೆಲ್ಲ ನನಗೆ ಹೊಳೆದುದು ತಮ್ಮನ ಮಾತಿನಿಂದ. ಆಟ ಮುಗಿದ ದಿನ ಅವನು, "ಅಕ್ಕ, ಗೊಲ್ಲಮ್‌ನನ್ನು ಕೊಂದದ್ದು ನಾನೇ!" ಎಂದು ಮನೆಯಿಡೀ ಸಾರಿದ. ನಾನೂ ಚಪ್ಪಾಳೆ ತಟ್ಟಿದೆ. ಬೇಸಿಗೆ ರಜೆಯಲ್ಲಿ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕಾದಂಬರಿಯ ಕೊನೆಯ ಭಾಗವನ್ನು ಓದಿದಾಗ ಆ ಚಪ್ಪಾಳೆಗಾಗಿ ನಾಚಿಕೆಯಾಯಿತು. ಅಂದು ರಾತ್ರಿ ತಮ್ಮನಿಗೆ ಕಥೆಯನ್ನು ನಮ್ಮ ಕನ್ನಡದಲ್ಲಿ ಮೊದಲಿನಿಂದ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಸ್ಯಾಮ್ ಯಾಕೆ ಕೊಲ್ಲಲಿಲ್ಲ ಅಕ್ಕ? ಅವನ ಕೈಯಲ್ಲಿ ಕತ್ತಿ ಇತ್ತಲ್ಲ?" ಎಂದು ಕೇಳಿದ. ತಿಂಗಳುಗಟ್ಟಲೆ ಆಡಿದರೂ ಅವನ ಬಾಯಿಂದ ಇಂಥ ಪ್ರಶ್ನೆ ಬಂದಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೆ ಸ್ಥಾನ ಸಿಕ್ಕಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅತಿಯಾದರೆ ಅಮೃತವೂ ವಿಷವೆಂಬುದು ನಿಜ. ಆದರೆ ಹಿರಿಯರಲ್ಲಿ ನನ್ನದೊಂದು ವಿನಂತಿ. "ಎಷ್ಟು ಹೊತ್ತು ಆಡಿದೆ?" ಎಂದು ಮಾತ್ರ ಕೇಳಬೇಡಿ, "ಯಾವ ಕಥೆಯನ್ನು ಆಡಿದೆ?" ಎಂದೂ ಕೇಳಿ. ಯಂತ್ರವನ್ನು ಕಸಿದುಕೊಂಡರೆ ಆ ಕಥೆಯ ಉಳಿದರ್ಧ ಮಕ್ಕಳಿಗೆ ಸಿಗುವುದಿಲ್ಲ. ಯಾರಾದರೂ ಅದನ್ನು ಅವರ ಮಾತಿನಲ್ಲಿ ಹೇಳಬೇಕು. ಸಹಪಾಠಿಗಳೇ, ಆ ಕೆಲಸ ಅಕ್ಕ ಅಣ್ಣಂದಿರಾದ ನಮ್ಮದೂ ಹೌದು.

ತಮ್ಮನ ಪ್ರಶ್ನೆಗೆ ನಾನಿನ್ನೂ ಪೂರ್ತಿ ಉತ್ತರ ಹೇಳಿಲ್ಲ. ದಿನವೂ ಕೇಳುತ್ತಿದ್ದಾನೆ. ಅದೇ ನನಗೆ ಸಂತೋಷ.