ಹಿತ್ತಲಿಗೆ ಲೆಕ್ಕದ ಪುಸ್ತಕ ಬೇಡ

ಮೊನ್ನೆ ಬೆಂಗಳೂರಿನಿಂದ ಕಾಲೇಜು ಗೆಳೆಯ ಫೋನ್ ಮಾಡಿದ್ದ. "ಬಾಲ್ಕನೀಲಿ ಹತ್ತು ಕುಂಡ ಇಟ್ಟಿದೀನಿ, ಟೆನ್ಶನ್ ಎಲ್ಲಾ ಮಾಯ ಕಣೋ. ನಿಂಗೇನಪ್ಪಾ, ದಿನವಿಡೀ ಹಸಿರಲ್ಲೇ ಇರ್ತೀಯ" ಅಂದ. ನಗು ಬಂತು. ಆ ಹೊತ್ತಿಗೆ ನಾನು ಆಲೂಗಡ್ಡೆ ಹೊಲದ ಬದುವಿನಲ್ಲಿ ಕೂತು, ಅಂಗಮಾರಿ ಬಿದ್ದಿದೆಯಾ ಅಂತ ಒಂದೊಂದೇ ಎಲೆ ತಿರುಗಿಸಿ ನೋಡ್ತಾ ಇದ್ದೆ.

ನಮ್ಮ ದೊಡ್ಡಗದ್ದವಳ್ಳಿಗೆ ಹೊಯ್ಸಳರ ಕಾಲದ ಲಕ್ಷ್ಮೀದೇವಿ ಗುಡಿ ನೋಡೋಕೆ ಬರುವವರೂ ಹಾಗೇ. ಕೆರೆ, ತೆಂಗಿನ ಮರ ನೋಡಿ "ಎಂಥ ನೆಮ್ಮದಿ ಊರು" ಅಂತಾರೆ. ಹೌದು, ಚೆಂದ ಇದೆ. ಆದರೆ ಹೊಲ ನಮ್ಮ ಆಫೀಸು. ಬೀಜದ ದುಡ್ಡು, ಕೂಲಿ, ಸಾಲದ ಕಂತು ಎಲ್ಲಾ ಆ ಹಸಿರಿನ ಮೇಲೇ ನಿಂತಿದೆ. ಅದನ್ನೇ ನೋಡ್ಕೊಂಡು ಮನಸ್ಸು ಹಗುರ ಮಾಡ್ಕೊ ಅಂದ್ರೆ ಹೇಗೆ?

2011ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಒಂದು ಅಧ್ಯಯನ ಪ್ರಕಟವಾಯ್ತು. 30 ಜನಕ್ಕೆ ಮೊದಲು ತಲೆಬಿಸಿ ಮಾಡುವ ಕೆಲಸ ಕೊಟ್ಟು, ಆಮೇಲೆ ಕೆಲವರನ್ನು ಅರ್ಧ ಗಂಟೆ ಕೈತೋಟದ ಕೆಲಸಕ್ಕೆ ಬಿಟ್ಟರು, ಉಳಿದವರನ್ನು ಒಳಗೆ ಓದೋಕೆ ಕೂರಿಸಿದರು. ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಎರಡೂ ಗುಂಪಿನಲ್ಲಿ ಇಳಿಯಿತು. ಮಣ್ಣು ಮುಟ್ಟಿದವರಲ್ಲಿ ಹೆಚ್ಚು ಇಳಿಯಿತು. ಓದಿ ಖುಷಿಯಾಯ್ತು. ಆದರೆ ಅವರೆಲ್ಲ ಹವ್ಯಾಸಕ್ಕೆ ತೋಟ ಮಾಡುವವರು. ಅದಕ್ಕೇ ನನ್ನ ವಾದ ಇಷ್ಟು: ರೈತನಿಗೂ ಲಾಭ-ನಷ್ಟ ಬರೆಯದ ಒಂದು ತುಂಡು ನೆಲ ಬೇಕು. ನಮ್ಮಲ್ಲಿ ಅದಕ್ಕೆ ಹಿತ್ತಲು ಅಂತ ಹೆಸರು ಆಗಲೇ ಇದೆ.

ಇದನ್ನು ನಾನು ಕಾಲೇಜಿನಲ್ಲಿ ಕಲಿತಿದ್ದಲ್ಲ. ತೋಟಗಾರಿಕೆ ಡಿಗ್ರಿ ಮುಗಿಸಿ ಬಂದ ಹೊಸದರಲ್ಲಿ, ಮನೆ ಹಿಂದಿನ ಎರಡು ಗುಂಟೆಗೆ ನೆರಳು ಪರದೆ ಕಟ್ಟಿ ನರ್ಸರಿ ಮಾಡೋಣ ಅಂತ ಟೇಪು ಹಿಡಿದು ಅಳೆದಿದ್ದೆ. ಅವ್ವ ಬಿಡಲಿಲ್ಲ. "ದುಡಿಮೇಗೆ ಹೊಲ ಐತೆ. ಇದೊಂದು ನಂಗಿರ್ಲಿ ಬಿಡ್ಲಾ" ಅಂದಳು. ಸಿಟ್ಟು ಬಂದಿತ್ತು ಆಗ.

ಸಾವಯವಕ್ಕೆ ಇಳಿದ ಮೊದಲ ವರ್ಷವೇ ಜಡಿಮಳೆ ಹಿಡೀತು. ಅರ್ಧ ಆಲೂಗಡ್ಡೆ ಕಪ್ಪಾಗಿ ಹೋಯ್ತು. ಬೋರ್ಡೋ ದ್ರಾವಣ ಹೊಡೆಯೋದು ತಡವಾಗಿತ್ತು, ತಪ್ಪು ನಂದೇ. ರಾತ್ರಿ ನಿದ್ದೆ ಇಲ್ಲ, ಊರಲ್ಲಿ ಯಾರ ಮುಖ ನೋಡೋಕೂ ಮನಸ್ಸಿಲ್ಲ. ಹಾಗಾಗಿ ಬೆಳಗ್ಗೆ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಸುಮ್ಮನೆ ಕೂರೋಕೆ ಶುರು ಮಾಡಿದೆ. ಬಟ್ಟೆ ಹಗ್ಗಕ್ಕೆ ಸೂರಕ್ಕಿಯೊಂದು ಜೇಡರ ಬಲೆ, ನಾರು, ಒಣ ತೊಗಟೆ ತಂದು ಸುತ್ತುತ್ತಾ ಇತ್ತು. ದೂರದಿಂದ ನೋಡಿದರೆ ಕಸ ಜೋತುಬಿದ್ದ ಹಾಗೆ. ಎರಡು ವಾರ ಕಾವು ಕೂತಿತು. ಮರಿ ಹಾರಿಹೋಗುವ ತನಕ ದಿನಾ ನೋಡಿದೆ. ಸಾಲ ಒಂದು ರೂಪಾಯಿನೂ ಕಡಿಮೆಯಾಗಲಿಲ್ಲ. ಆದರೆ ಹೊಲಕ್ಕೆ ಮತ್ತೆ ಕಾಲಿಡೋಕೆ ಆಯ್ತು.

ಕರಿಬೇವಿನ ಗಿಡಕ್ಕೆ ಹಕ್ಕಿ ಹಿಕ್ಕೆಯ ಥರ ಕಾಣುವ ಹುಳು ಬರುತ್ತಲ್ಲ, ಅದು ನಿಂಬೆ ಚಿಟ್ಟೆಯ ಮರಿ. ನಿಂಬೆ ತೋಟದ ಎಳೆ ಸಸಿಗೆ ಬಂದರೆ ನಾನೇ ಆರಿಸಿ ತೆಗೀತೀನಿ. ಹಿತ್ತಲಲ್ಲಿ ತಿನ್ನಲಿ ಅಂತ ಬಿಡ್ತೀನಿ. ಸಾರಿಗೆ ನಾಲ್ಕು ಎಲೆ ಉಳಿದರೆ ಸಾಕು. ಪರಂಗಿ ಹಣ್ಣು ಪಿಕಳಾರಕ್ಕೂ ಅಳಿಲಿಗೂ. ತುಂಬೆ ಗಿಡ ಕೀಳೋದಿಲ್ಲ, ಜೇನು ಬರುತ್ತೆ. ಅಗಲ ಬಾಯಿಯ ಮಣ್ಣಿನ ತಟ್ಟೇಲಿ ನೀರಿಡಿ, ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಾಯಿಸಿ, ಇಲ್ಲಾಂದ್ರೆ ಸೊಳ್ಳೆ. ಸೊಪ್ಪು-ಸೌದೆ ರಾಶಿ ಮಾತ್ರ ಗೋಡೆಗೆ ತಾಗಿಸಬೇಡಿ. ಇಲಿ ಬಂದರೆ ಹಿಂದೆ ಹಾವೂ ಬರುತ್ತೆ.

ಮೊಬೈಲ್ ಒಳಗಿಟ್ಟು ಬನ್ನಿ ಅಂತ ನಾನು ಹೇಳಲ್ಲ, ನೀವೂ ಕೇಳಲ್ಲ. ಮಾರ್ಕೆಟ್ ರೇಟ್ ಮುಚ್ಚಿ, ಮರ್ಲಿನ್ ಆ್ಯಪ್ ತೆಗೀರಿ. ಉಚಿತ. ಹಕ್ಕಿ ಕೂಗು ಕೇಳಿಸಿಕೊಂಡು ಹೆಸರು ಹೇಳುತ್ತೆ, ಒಮ್ಮೊಮ್ಮೆ ತಪ್ಪೂ ಹೇಳುತ್ತೆ. ನನಗೆ ಮಡಿವಾಳ ಹಕ್ಕಿಯ ಸಿಳ್ಳೆ ಗುರುತಾಗಿದ್ದು ಹೀಗೇ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತೆ. ಕನಿಷ್ಠ 15 ನಿಮಿಷ ಎಣಿಸಿ ಇ-ಬರ್ಡ್‌ಗೆ ಹಾಕಿದರೆ ನೀವೂ ಸೇರಿದ ಹಾಗೆ.

ಇನ್ನೊಂದು ಮಾತು, ಇದನ್ನು ನುಂಗಿಕೊಂಡು ಕೂರೋ ಹಾಗಿಲ್ಲ. ಹಿತ್ತಲು ದಿನದ ತಲೆಬಿಸಿಗೆ ಸರಿ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಹಕ್ಕಿ ನೋಡಿ ಅಂತ ಹೇಳೋದು ಮೋಸ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದೇ ಸೇವೆ, ದುಡ್ಡಿಲ್ಲ, ಹಗಲು-ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ಈಚೆಗೆ ನಮ್ಮೂರ ಕಡೆ ಮನೆ ಕಟ್ಟಿದವರೆಲ್ಲ ಹಿತ್ತಲಿಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸ್ತಾ ಇದ್ದಾರೆ, ಕೆಸರಾಗಲ್ಲ ಅಂತ. ಬೈಕ್ ನಿಲ್ಲಿಸೋಕೆ ಒಂದು ಮೂಲೆ ಹಾಕಿಸಿ, ಉಳಿದದ್ದು ಮಣ್ಣಾಗೇ ಇರಲಿ ಅಂತ ಮನೇಲಿ ಜಗಳ ಆಡಿಯಾದರೂ ಉಳಿಸಿಕೊಳ್ಳಿ.

ಈ ವರ್ಷವೂ ಅದೇ ಹಗ್ಗಕ್ಕೆ ಗೂಡು ಶುರುವಾಗಿದೆ. ಬಟ್ಟೆ ಒಣಗಿಸೋಕೆ ಬೇರೆ ಹಗ್ಗ ತಾ ಅಂತ ಅವ್ವ ಹೇಳಿ ನಾಲ್ಕು ದಿನ ಆಯ್ತು. ನಾಳೆ ಹಾಸನಕ್ಕೆ ಹೋದಾಗ ತರಬೇಕು.